ಕ್ಯಾಮ್ಡೆನ್‌ನಲ್ಲಿ ಒನ್ಸ್ ಮೋರ್

ಅಕ್ಸ್‌ಬ್ರಿಡ್ಜ್

ಲಂಡನ್ನಿಗೆ ಹೋಗಿ ಬಂದೆ ಎಂದರೆ ಸಾಕು, ಮೈಸೂರಿನಲ್ಲಿ ಎಲ್ಲರೂ ಕೇಳುವುದು ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ ಎಂದೇ. ನೋಡಲಿಲ್ಲ ಕಣ್ರೀ. ಇದ್ದಷ್ಟು ದಿನ ನಾನು ಮಾಡಿದ್ದು ಒಂದೇ ಕೆಲಸ, ಒಂದು ಆಲ್ಬಮ್ ಕೇಳಿದೆ. ಅದೂ ಎಂಥದ್ದು ಅಂತೀರಿ, ಜರ್ಮನಿಯವರ ಬ್ಲ್ಯಾಕ್ ಮೆಟಲ್. ಭರತನಾಟ್ಯ ಹೇಳಿಕೊಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡ ಹೆಂಗಸಿಗೆ ಇದು ಬೇಕಿತ್ತಾ ಎಂದು ನನ್ನ ತಮ್ಮನೂ ಫೋನಿನಲ್ಲಿ ಕೇಳಿದ. ಬೇಕಿತ್ತು. ಅವನ ಅಳಿಯನದೇ ಅಲ್ಲವೇ ಆ ಆಲ್ಬಮ್!

ತಮ್ಮನ ಮಗಳು ಪೂರ್ಣಿಮಾ ಇರುವುದು ಅಕ್ಸ್‌ಬ್ರಿಡ್ಜ್‌ನಲ್ಲಿ, ಲಂಡನ್ನಿನ ಪಶ್ಚಿಮದ ಕೊನೆಯಲ್ಲಿ. ಕಿವಿ ಮಂದವಾದವರನ್ನು ಪರೀಕ್ಷೆ ಮಾಡಿ ಯಂತ್ರ ಹಾಕಿಕೊಡುವುದು ಅವಳ ಉದ್ಯೋಗ. ಕಟ್ಟಿಕೊಂಡದ್ದು ಮಾತ್ರ ನೆಟ್ಟಗಿರುವ ಕಿವಿಯನ್ನೂ ಕೆಡಿಸುವ ಸಂಗೀತಗಾರನನ್ನು. ಲೂಕಾಸ್ ಜರ್ಮನಿಯ ಒಂದು ಸಣ್ಣ ಊರಿನವನು. ಇಲ್ಲಿ ಕಟ್ಟಡಗಳ ಅಳತೆ ಲೆಕ್ಕ ಹಾಕುವ ಆಫೀಸಿನಲ್ಲಿ ಕೆಲಸ. ಊರಿನ ಮೂವರು ಹಳೆಯ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿಕೊಂಡು, ಅವರು ಅಲ್ಲಿ ಇವನು ಇಲ್ಲಿ, ವರ್ಷಗಟ್ಟಲೆ ಓಡಾಡಿ ಅಂತೂ ಇಂತೂ ಮೊದಲ ಆಲ್ಬಮ್ ಹೊರಗೆ ತಂದಿದ್ದ.

ಬ್ಲ್ಯಾಕ್ ಮೆಟಲ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. ಗಿಟಾರನ್ನು ಗರಗಸದಂತೆ ಎಳೆಯುವುದು, ಉಸಿರು ಬಿಡದೆ ಡ್ರಮ್ ಬಡಿಯುವುದು, ಗಂಟಲು ಕಿತ್ತು ಬರುವಂತೆ ಕಿರುಚುವುದು. ವೇದಿಕೆ ಹತ್ತುವಾಗ ಮುಖಕ್ಕೆಲ್ಲ ಬಿಳಿ ಬಳಿದು ಕಣ್ಣಿನ ಸುತ್ತ ಕಪ್ಪು ಮೆತ್ತಿಕೊಳ್ಳುವುದು. ಇಷ್ಟೆಲ್ಲ ಮಾಡುವ ಲೂಕಾಸ್ ಮನೆಯಲ್ಲಿ ಎಷ್ಟು ಸಾಧು ಎಂದರೆ, ನಾನು ಬಂದಿಳಿದ ಬೆಳಗ್ಗೆ ಬಾಗಿಲು ತೆರೆದವನೇ ತನಗೆ ಬರುವ ಒಂದೇ ಕನ್ನಡ ವಾಕ್ಯದಲ್ಲಿ “ಊಟ ಆಯ್ತಾ ಅತ್ತೆ?” ಎಂದು ಕೇಳಿ, ಸೂಟ್‌ಕೇಸನ್ನು ಮಹಡಿಗೆ ಹೊತ್ತುಕೊಂಡು ಹೋಗಿ, ಮತ್ತೆ ಮಾತೇ ಆಡಲಿಲ್ಲ.

“ಎರಡು ವಾರದಿಂದ ಹೀಗೇ,” ಎಂದಳು ಪೂರ್ಣಿಮಾ, ಅಡುಗೆಮನೆಯ ಬಾಗಿಲು ಹಾಕಿಕೊಂಡು.

“ಜಗಳ ಆಡಿದ್ರಾ?”

“ಜಗಳ ಆದ್ರೂ ಆಡಿದ್ರೆ ಚೆನ್ನಾಗಿತ್ತು. ಯಾವುದೋ ವೆಬ್‌ಸೈಟ್‌ನಲ್ಲಿ ಆಲ್ಬಮ್ ಬಗ್ಗೆ ಬರೆದಿದ್ದಾರೆ ಅತ್ತೆ. ಬೈದಿಲ್ಲ, ಅದೇ ಕಷ್ಟ. ಕೈ ಪಳಗಿದೆ, ಚೆನ್ನಾಗಿ ನುಡಿಸ್ತಾರೆ, ಆದ್ರೆ ಹೊಸದು ಅನ್ನೋದು ಒಂದೂ ಇಲ್ಲ, ಎಲ್ಲಾ ಹಳಬರು ಮಾಡಿಟ್ಟಿದ್ದೇ ಅಂತ. ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟ. ಶನಿವಾರ ಕ್ಯಾಮ್ಡೆನ್‌ನಲ್ಲಿ ಒಂದು ಗಿಗ್ ಒಪ್ಕೊಂಡಿದಾರೆ, ಅದೇ ಕೊನೇದಂತೆ. ಭಾನುವಾರ ಒಬ್ಬರು ಬಂದು ಗಿಟಾರ್ ತಗೊಂಡು ಹೋಗ್ತಾರೆ.”

“ಮಾರಿಬಿಡ್ತಾನಾ?”

“ಹೂಂ. ಅದೊಂದು ಇಲ್ದಿದ್ರೆ ಅವನು ಆಫೀಸಿಂದ ಬಂದು ಗೋಡೆ ನೋಡ್ಕೊಂಡು ಕೂತಿರ್ತಾನೆ. ನಂಗೆ ಭಯ ಆಗುತ್ತೆ. ನೀನು ಏನಾದ್ರೂ ಹೇಳು ಅತ್ತೆ. ನಿನ್ನ ಕಂಡ್ರೆ ಅವನಿಗೆ ಗೌರವ.”

“ಕೇಳದೆ ಏನಂತ ಹೇಳ್ಲಿ? ಮೊದಲು ಅದನ್ನ ನನ್ನ ಫೋನಿಗೆ ಹಾಕಿಕೊಡು.”

ಹಾಕಿಕೊಟ್ಟಳು. ಸೌಂಡ್ ಇಷ್ಟಕ್ಕಿಂತ ಮೇಲೆ ಹೋಗಕೂಡದು ಎಂದು ಡಾಕ್ಟರರ ಗತ್ತಿನಲ್ಲಿ ಎಚ್ಚರಿಸಿ ಹೆಡ್‌ಫೋನ್ ಕೊಟ್ಟಳು. ಅಯ್ಯೋ ಶಿವನೇ! ವಾಷಿಂಗ್ ಮೆಷಿನ್ನಿಗೆ ಕಲ್ಲು ತುಂಬಿ ತಿರುಗಿಸಿದ ಸದ್ದು. ಒಂದು ಹಾಡು ಮುಗಿಯುವ ಮೊದಲೇ ಕಿತ್ತಿಟ್ಟೆ. ಆಮೇಲೆ ನನಗೇ ನಾಚಿಕೆಯಾಯಿತು. ನನ್ನ ಶಿಷ್ಯೆಯರು ವರ್ಣ ಎಂಬ ಉದ್ದದ ನೃತ್ಯ ಮಾಡುವಾಗ ಸಭೆಯಲ್ಲಿ ಯಾರಾದರೂ ವಾಚ್ ನೋಡಿಕೊಂಡರೆ ನಾನು ಅವರನ್ನು ಜನ್ಮದಲ್ಲಿ ಕ್ಷಮಿಸುವವಳಲ್ಲ. ಶನಿವಾರದವರೆಗೆ ದಿನಕ್ಕೊಂದು ಸಲ, ಮೊದಲಿಂದ ಕೊನೆಯವರೆಗೆ, ಕೂತು ಕೇಳಿಯೇ ಕೇಳುತ್ತೇನೆ ಎಂದು ಆವತ್ತೇ ಹಟ ತೊಟ್ಟೆ.

ಅದೇ ಮಧ್ಯಾಹ್ನ ಬಾಯ್ಲರ್ ರಿಪೇರಿಯವನೊಬ್ಬ ಬಂದಿದ್ದ. ಹೊರಡುವಾಗ ಅವನ ಕೈಗೆ ಎರಡು ತುಂಡು ಮೈಸೂರುಪಾಕ್ ಇಟ್ಟೆ. ಅವನು ಗಾಬರಿಯಾಗಿ ಲೂಕಾಸನ ಮುಖ ನೋಡಿದ. “ಮನೆಗೆ ಬಂದವರನ್ನ ಬರಿಗೈಯಲ್ಲಿ ಕಳಿಸಬಾರದು,” ಎಂದು ನನ್ನ ಮೈಸೂರು ಇಂಗ್ಲಿಷಿನಲ್ಲಿ ಇಬ್ಬರಿಗೂ ವಿವರಿಸಿದೆ. ಲೂಕಾಸ್ ತಲೆಯಾಡಿಸಿದ. ಆ ವಾರ ಅವನು ಸ್ವಲ್ಪವಾದರೂ ನಕ್ಕದ್ದನ್ನು ನಾನು ನೋಡಿದ್ದು ಆವಾಗಲೇ.

ಸ್ಟ್ಯಾನ್ಮೋರ್‌ಗೆ ಹೋಗುವ ದಾರಿ

ಸ್ಟ್ಯಾನ್ಮೋರ್‌ನಲ್ಲಿ ಕನ್ನಡದ ಕೆಲವು ಮನೆಗಳ ಮಕ್ಕಳಿಗೆ ನಾಲ್ಕು ಅಡವು ಹೇಳಿಕೊಡುವುದಾಗಿ ಒಪ್ಪಿಕೊಂಡಿದ್ದೆ. ದೊಡ್ಡ ದೊಡ್ಡ ಒಂಟಿ ಮನೆಗಳು, ಪ್ರತಿ ಮನೆಯ ಮುಂದೆಯೂ ಎರಡು ಕಾರು. “ಅರೆಮಂಡಿ ಕೂರು ಪುಟ್ಟಿ” ಎಂದರೆ ಮಗುವಿಗೆ ಅರ್ಥವಾಗುತ್ತದೆ, ಆದರೆ ಉತ್ತರ “ಮೈ ನೀಸ್ ಹರ್ಟ್, ಆಂಟಿ” ಎಂದೇ ಬರುತ್ತದೆ. ಮಂಡಿ ನೋಯುವುದಕ್ಕೆ ಯಾವ ಭಾಷೆಯಾದರೇನು, ನಾನು ಮತ್ತೆ ಕೂರಿಸಿದೆ.

ಅಲ್ಲಿಗೆ ಹೋಗಿ ಬರುವ ಟ್ಯೂಬ್ ರೈಲೇ ನನ್ನ ಆಲ್ಬಮ್ ಕೇಳುವ ಕೋಣೆಯಾಯಿತು. ಆ ಊರಿನ ರೈಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಮ್ಮಲ್ಲಿ ಮೈಸೂರಿಂದ ಮಂಡ್ಯ ದಾಟುವುದರೊಳಗೆ ಎದುರು ಕೂತವರಿಗೆ ಎಷ್ಟು ಮಕ್ಕಳು, ದೊಡ್ಡವಳಿಗೆ ಎಲ್ಲಿಯ ಗಂಡು ಎಲ್ಲ ತಿಳಿದಿರುತ್ತದೆ. ಇಲ್ಲಿ ನಾನು ತೊಡೆ ತಟ್ಟಿ ತಾಳ ಹಾಕಿದರೂ ಕೇಳುವವರಿಲ್ಲ.

ತಾಳ ಹಾಕಲು ಶುರುಮಾಡಿದ ಮೇಲೆಯೇ ಆ ಸದ್ದಿನೊಳಗೆ ನನಗೆ ದಾರಿ ಸಿಕ್ಕಿದ್ದು. ಡ್ರಮ್ಮಿನವನು ಸುಮ್ಮನೆ ಬಡಿಯುತ್ತಿಲ್ಲ. ಮೂರು ಮೂರಾಗಿ ಕಟ್ಟಿ, ಸುತ್ತಿ, ಬಿಟ್ಟ ಜಾಗಕ್ಕೇ ಸರಿಯಾಗಿ ಬಂದು ಬೀಳುತ್ತಾನೆ. ಒಂದು ಕಡೆಯೂ ಜಾರುವುದಿಲ್ಲ. ಐದನೆಯ ಹಾಡಿನ ನಡುವೆ ಎಲ್ಲವೂ ನಿಂತು ಲೂಕಾಸನ ಗಿಟಾರ್ ಒಂದೇ ಉಳಿಯುತ್ತದೆ, ಸ್ವಲ್ಪ ಹೊತ್ತು, ಆಮೇಲೆ ಮತ್ತೆ ಕಲ್ಲುಮಳೆ. ಆ ಜಾಗಕ್ಕಾಗಿ ನಾನು ದಿನವೂ ಕಾಯತೊಡಗಿದೆ.

ಒಂದು ದಿನ ಎದುರು ಕೂತಿದ್ದ ಮುದುಕರೊಬ್ಬರು ಪೇಪರ್ ಕೆಳಗಿಳಿಸಿ, ಏನು ಕೇಳುತ್ತಿದ್ದೀರಿ ಎಂದು ಕೇಳಿಯೇಬಿಟ್ಟರು. ಪಾಪ, ವೀಣೆಯೋ ಸಿತಾರೋ ಎಂದುಕೊಂಡಿರಬೇಕು. ಹೆಡ್‌ಫೋನ್ ತೆಗೆದು ಅವರಿಗೇ ಕೊಟ್ಟೆ. ಕಿವಿಗೆ ಹಾಕಿಕೊಂಡರು. ಹುಬ್ಬು ಮೇಲೆ ಹೋಯಿತು. ಮುಂದಿನ ಸ್ಟೇಷನ್‌ವರೆಗೆ ಅಲುಗಾಡದೆ ಕೇಳಿ, ಎರಡೂ ಕೈಯಲ್ಲಿ ವಾಪಸು ಕೊಟ್ಟು “ಲವ್ಲಿ” ಎಂದು ಮತ್ತೆ ಪೇಪರಿನ ಹಿಂದೆ ಮರೆಯಾದರು.

ರೈಸ್ಲಿಪ್ ಕಾಡು

ಆಲ್ಬಮ್ಮಿನ ಮುಖಚಿತ್ರದಲ್ಲಿ ಒಂದು ಕಾಡಿದೆ. ಹಿಮ, ಎಲೆಯಿಲ್ಲದ ಮರಗಳು, ಮೇಲೆ ಚಂದ್ರ. ನೋಡಿದರೆ ಮೈ ಜುಂ ಎನ್ನುತ್ತದೆ. ಇದು ಜರ್ಮನಿಯ ಯಾವ ಕಾಡು ಎಂದು ಲೂಕಾಸನನ್ನು ಕೇಳಿದೆ. ಅವನು ಇಂಗ್ಲಿಷಿನಲ್ಲಿ ಗೊಣಗಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ, “ಜರ್ಮನಿ ಅಲ್ಲ ಅತ್ತೆ. ಇಲ್ಲೇ ರೈಸ್ಲಿಪ್. ಬಸ್ಸಲ್ಲಿ ಹೋಗಬಹುದು.”

ಹೋಗಿಯೇ ನೋಡೋಣ ಎಂದು ಹಟ ಹಿಡಿದೆ. ಸಂಜೆ ಏಳು ಗಂಟೆಯಾದರೂ ಬಿಸಿಲು ಇಳಿದಿರಲಿಲ್ಲ, ಜೂನ್ ತಿಂಗಳು. ಆ ಭಯಂಕರ ಕಾಡಿನಲ್ಲಿ ಜನ ನಾಯಿ ಓಡಾಡಿಸುತ್ತಿದ್ದರು. ಗರ್ಭಿಣಿ ಹುಡುಗಿಯೊಬ್ಬಳು ಬೆಂಚಿನ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದಳು. ಲೂಕಾಸ್ ಒಂದು ಮರ ತೋರಿಸಿ, ಇದೇ ಅದು, ಹಿಮವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದೆವು ಎಂದ.

“ಹಿಮ ಯಾಕೆ ಬೇಕಿತ್ತು?”

“ಎಲ್ಲರ ಆಲ್ಬಮ್‌ನಲ್ಲೂ ಹಿಮ ಇರುತ್ತೆ,” ಎಂದ. ಅಂದಮೇಲೆ ತನ್ನ ಮಾತು ತನಗೇ ಚುಚ್ಚಿದಂತೆ ಮುಖ ಸಣ್ಣದು ಮಾಡಿಕೊಂಡ. ದಾರಿಯುದ್ದಕ್ಕೂ ತನ್ನ ಹಿರಿಯರ, ಅಂದರೆ ಹಳೆಯ ಬ್ಯಾಂಡುಗಳವರ ಹಾಡುಗಳನ್ನು, ಅವನು ಹದಿನೈದು ವರ್ಷದವನಿದ್ದಾಗ ಕೇಳಿ ಹುಚ್ಚು ಹಿಡಿಸಿಕೊಂಡವನ್ನು, ಒಂದೊಂದಾಗಿ ನನಗೆ ಕೇಳಿಸಿದ. ನನ್ನ ಕಿವಿ ಅಷ್ಟು ಹೊತ್ತಿಗೆ ಹದವಾಗಿತ್ತು. ವಿಮರ್ಶೆ ಬರೆದವನು ಸುಳ್ಳು ಬರೆದಿರಲಿಲ್ಲ. ಈ ಎಳೆತ ಇಲ್ಲಿಂದ, ಆ ಕಿರುಚಾಟ ಅಲ್ಲಿಂದ, ಮೂರರ ಸುತ್ತು ಇನ್ನೊಬ್ಬರಿಂದ. ಎಲ್ಲವೂ ಹಳಬರದ್ದೇ. ಆ ಐದನೆಯ ಹಾಡಿನ ನಿಲುಗಡೆ ಕೂಡ. ನನಗೆ ಎಷ್ಟು ಸಂತೋಷವಾಯಿತು ಎಂದರೆ ಮನೆಗೆ ಹೋಗಿ ಹೇಳಲೇಬೇಕು ಎಂದು ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಜೋಡಿಸಿಕೊಳ್ಳತೊಡಗಿದೆ.

ಊಟದ ಮೇಜು

ಇದನ್ನು ಹೇಗೆ ಬರೆಯಲಿ! ನಾನು ಮೆಚ್ಚಿಕೊಂಡೇ ಹೇಳಿದ್ದು. ಸಾರು ಬಡಿಸಿ, ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ: “ಲೂಕಾಸ್, ಪೂರ್ತಿ ಕೇಳಿದ್ದೇನೆ. ನಿನ್ನದು ಅಂತ ಒಂದು ಚೂರೂ ಇಲ್ಲ. ಎಲ್ಲಾ ನಿನ್ನ ಹಿರಿಯರು ಮಾಡಿದ ಹಾಗೇ ಮಾಡಿದ್ದೀಯ. ಎಲ್ಲೂ ಏನೂ ಸೇರಿಸಿಲ್ಲ.”

ಅವನು ಚಮಚ ಕೆಳಗಿಟ್ಟ. “ನೀವೂನಾ ಅತ್ತೆ?” ಎಂದ. ತಟ್ಟೆ ತೊಳೆದಿಟ್ಟು, ಸದ್ದಿಲ್ಲದೆ ಮಹಡಿ ಹತ್ತಿ ಹೋದ.

“ಅತ್ತೆ!” ಪೂರ್ಣಿಮಾಳ ಕಣ್ಣು ತುಂಬಿತ್ತು. “ಅವನು ಅದನ್ನೇ ಅಲ್ವಾ ಓದಿ ಹೀಗಾಗಿರೋದು? ನೀನೂ ಅದನ್ನೇ ಹೇಳ್ತೀಯಲ್ಲ!”

“ನಾನು ಹೊಗಳಿದ್ದು ಕಣೇ! ಮೊದಲನೇ ಆಲ್ಬಮ್ ಅಂದ್ರೆ ರಂಗಪ್ರವೇಶ ಅಲ್ವಾ? ನನ್ನ ಹುಡುಗೀರು ರಂಗಪ್ರವೇಶದಲ್ಲಿ ಅಲರಿಪುನಿಂದ ತಿಲ್ಲಾನದವರೆಗೆ ನಾನು ಕಲಿಸಿದ್ದನ್ನೇ ಮಾಡ್ತಾರೆ. ನಾನೂ ನಮ್ಮ ಮೇಷ್ಟ್ರು ಕಲಿಸಿದ್ದನ್ನೇ ಮಾಡಿದ್ದು. ಗುರುವಿನ ಹಾಗೇ ಇತ್ತು ಅಂದ್ರೆ ಅದಕ್ಕಿಂತ ದೊಡ್ಡ ಮಾತು ಉಂಟಾ? ತನ್ನದು ಅನ್ನೋದೆಲ್ಲ ಆಮೇಲೆ.”

“ಇಲ್ಲಿ ಹಾಗಲ್ಲ ಅತ್ತೆ. ಇಲ್ಲಿ ಮೊದಲ ದಿನವೇ ತನ್ನದು ತೋರಿಸಬೇಕು.”

“ಹಾಗಂತ ಹೋಗಿ ಹೇಳ್ತೀನಿ ಅವನಿಗೆ.”

“ಬೇಡ. ದಯವಿಟ್ಟು ಇನ್ನೇನೂ ಹೇಳ್ಬೇಡ.”

ಮೇಲಿನ ಕೋಣೆಯಲ್ಲಿ ಗಿಟಾರಿನ ಪೆಟ್ಟಿಗೆಯ ಬೀಗ ಹಾಕಿದ ಸದ್ದು ಕೇಳಿಸಿತು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಸಹಾಯ ಮಾಡಲು ಬಂದವಳು ಇದ್ದದ್ದನ್ನೂ ಕೆಡಿಸಿದ್ದೆ. ಹಾಗೆಂದು ಕೈಕಟ್ಟಿ ಕೂರುವ ಪೈಕಿಯೂ ನಾನಲ್ಲ.

ಟೂಟಿಂಗ್

ಮಾತು ಬೇಡ ಎಂದರೆ ಬೇಡ, ರಂಗಪ್ರವೇಶಕ್ಕೆ ಏನು ಮಾಡಬೇಕೋ ಅದನ್ನಾದರೂ ಮಾಡುತ್ತೇನೆ ಎಂದು ಶುಕ್ರವಾರ ಟೂಟಿಂಗ್‌ಗೆ ಹೋದೆ. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆ. ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದಂತೆ ಒಗ್ಗರಣೆಯ ವಾಸನೆ ಬಂತು, ನನ್ನ ಅರ್ಧ ದುಃಖ ಅಲ್ಲೇ ಇಳಿಯಿತು. ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ಎಲ್ಲ ಸಿಕ್ಕವು. ಜರಿಯಂಚಿನ ಶಾಲೊಂದನ್ನೂ ಎತ್ತಿಕೊಂಡಿದ್ದೆ. “ಶಾಲು ಹೊದಿಸಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ” ಎಂದು ಪೂರ್ಣಿಮಾ ಫೋನಿನಲ್ಲಿ ಹೇಳಿದ್ದರಿಂದ ವಾಪಸು ಇಟ್ಟೆ.

ಪಕ್ಕದ ಹೋಟೆಲಿಗೆ ಹೊಕ್ಕೆ. ಯಜಮಾನರು ಸದಾನಂದ ಎಂಬ ಕುಂದಾಪುರದವರು. ನನ್ನ ಚೀಲದಿಂದ ಇಣುಕುತ್ತಿದ್ದ ಕಾಯಿ ನೋಡಿ, “ಹ್ವಾಯ್, ಕೂಕಣಿ. ಎಂತ, ಮನೆಯಂಗೆ ಪೂಜೆಯಾ?” ಎಂದು ಕುರ್ಚಿ ಎಳೆದು ಕೂರಿಸಿದರು. ದೋಸೆ ಬರುವಷ್ಟರಲ್ಲಿ ನನ್ನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಿಮ್ಮದ್ ತಪ್ಪೇ ಅಲ್ಲ ಟೀಚರೇ. ನನ್ನ ಸಾಂಬಾರ್ ಅಪ್ಪಯ್ಯನ ಸಾಂಬಾರಿನ ಹಾಂಗೇ ಇತ್ತ್ ಅಂತ ಯಾರಾರೂ ಅಂದ್ರೆ ನಂಗೆ ಖುಷಿಯೇ. ಆರೆ ಈ ಊರವ್ರಿಗೆ ಹಾಂಗಲ್ಲ.”

“ಮತ್ತೆ ಹೇಗೆ ಹೇಳೋದು?”

“ಹೇಳುದೇ ಬ್ಯಾಡ. ನಮ್ಮಲ್ಲ್ ಅಡ್ಗಿಗೆ ಹೊಸ ಭಟ್ರ್ ಬಂದ್ರೆ ನಾನ್ ಲಾಯಕ್ ಆಯ್ತ್ ಅಂತ ಬಾಯಲ್ಲ್ ಹೇಳುದಿಲ್ಲೆ. ಇನ್ನೊಂದ್ ದೋಸಿ ಹಾಕ್ ಅಂತ ಹೇಳ್ತೆ. ಅವ್ರಿಗೆ ಗೊತ್ತಾತ್ತ್.”

ನಾನೂ ಇನ್ನೊಂದು ದೋಸೆ ಹೇಳಿದೆ. ಒಳಗಿನಿಂದ ಭಟ್ಟರು ತಲೆ ಹೊರಗೆ ಹಾಕಿ ನೋಡಿ ಹೋದರು.

ಕ್ಯಾಮ್ಡೆನ್

ಕ್ಯಾಮ್ಡೆನ್‌ನ ಒಂದು ಪಬ್ಬಿನ ಹಿಂದಿನ ಹಾಲಿನಲ್ಲಿ ಕಾರ್ಯಕ್ರಮ. ಹೆಸರು ಮಾಡಿದ ಬ್ಯಾಂಡುಗಳಿಗೆಲ್ಲ ರಾತ್ರಿಯ ಹೊತ್ತು, ಇವರಿಗೆ ಮಧ್ಯಾಹ್ನ ನಾಲ್ಕು ಗಂಟೆ. ಹೊರಗೆ ರಣರಣ ಬಿಸಿಲು. ನಮ್ಮ ಸಂಗೀತ ಸಭೆಗಳಲ್ಲೂ ಎಳೆಯರನ್ನು ಕೂರಿಸುವುದು ಇದೇ ಹೊತ್ತಿಗೆ, ಕ್ಯಾಂಟೀನಿನಲ್ಲಿ ಬೋಂಡಾ ಕರಿಯುತ್ತಿರುವಾಗ.

ಬಾಗಿಲಲ್ಲಿ ಭೀಮಸೇನನಂಥ ಕಾವಲುಗಾರ ನನ್ನ ಚೀಲದೊಳಗೆ ಕೈಹಾಕಿ ತೆಂಗಿನಕಾಯಿ ಹೊರಗೆಳೆದ. ಇದು ಏನಕ್ಕೆ ಎಂದು ಕೇಳಿದ. “ಒಡೆಯೋದಕ್ಕೆ,” ಎಂದೆ. ಯಾರ ತಲೆ ಎಂದುಕೊಂಡನೋ ಏನೋ, ಒಳಗೆ ಬಿಡಲಿಲ್ಲ. ಜರ್ಕಿನ್ ಇಡುವ ಕಡೆ ಅದಕ್ಕೊಂದು ಚೀಟಿ ಕಟ್ಟಿ, ಇನ್ನೊಂದು ಚೀಟಿ ನನಗೆ ಕೊಟ್ಟು, ಹೋಗುವಾಗ ತೆಗೆದುಕೊಳ್ಳಿ ಮೇಡಂ ಎಂದ. ಕಪ್ಪು ಚರ್ಮದ ಜರ್ಕಿನ್‌ಗಳ ಸಾಲಿನಲ್ಲಿ ನನ್ನ ಕಾಯಿ ಜುಟ್ಟು ಬಿಟ್ಟುಕೊಂಡು ಕೂತಿತು.

ಒಳಗಿನ ಕೋಣೆಯಲ್ಲಿ ಲೂಕಾಸನೂ ಅವನ ಮೂವರು ಗೆಳೆಯರೂ ಮುಖಕ್ಕೆ ಬಿಳಿ ಬಳಿದುಕೊಂಡು ಬೆವರುತ್ತಿದ್ದರು. ಬಿಳಿ ಕರಗಿ ಕಪ್ಪಿನೊಳಗೆ ಇಳಿದು, ಹೆದರಿಸಬೇಕಾದ ಮುಖಗಳು ಅಳುಮುಂಜಿಯಾಗಿದ್ದವು. ಇಂಥ ಎಷ್ಟು ಮುಖ ನೋಡಿದ್ದೇನೋ! ಚೀಲದಲ್ಲಿ ಪೌಡರ್ ಇತ್ತು, ಹತ್ತಿ ಇತ್ತು. “ಸಾಲಾಗಿ ಕೂತ್ಕೊಳ್ಳಿ. ಕಣ್ಣು ಮುಚ್ಚಿ. ಮಾತಾಡಬೇಡಿ,” ಎಂದು ಗದರಿ ಒಬ್ಬೊಬ್ಬರಿಗೂ ಬೆವರು ಒತ್ತಿ ತೆಗೆದು, ಪೌಡರ್ ಕೂರಿಸಿ, ಕಪ್ಪು ತಿದ್ದಿದೆ. ಆರಡಿಯ ಡ್ರಮ್ಮಿನವನು ನನ್ನ ಹತ್ತು ವರ್ಷದ ಹುಡುಗಿಯರಂತೆಯೇ ಸೀನಿದ.

ಕೊನೆಗೆ ಲೂಕಾಸನ ಸರದಿ ಬಂತು. ಬಣ್ಣ ಮುಗಿಸಿ, ಗೋಡೆಗೆ ಒರಗಿಸಿದ್ದ ಅವನ ಗಿಟಾರನ್ನು ಎತ್ತಿಕೊಂಡೆ. ಅಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಕಣ್ಣಿಗೊತ್ತಿಕೊಂಡು, ರಂಗಪ್ರವೇಶದ ದಿನ ಗೆಜ್ಜೆ ಕೊಡುವಂತೆ ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದೆ.

“ಏನಿದು ಅತ್ತೆ?”

“ನಮ್ಮಲ್ಲಿ ಗುರು ಹೀಗೆ ಕೊಡ್ತಾರೆ. ಮೊದಲ ಸಲ ವೇದಿಕೆ ಹತ್ತುವಾಗ.”

“ಇದು ಮೊದಲ ಸಲ ಅಲ್ಲ. ಕೊನೆಯದು.”

“ಅದು ನಿನ್ನಿಷ್ಟ. ನಾನು ಕೊಡೋದು ಕೊಡ್ತೀನಿ.”

ಅವನೂ ಎರಡು ಕೈಯಲ್ಲಿ ತೆಗೆದುಕೊಂಡ.

ಹಾಲಿನಲ್ಲಿ ಜನ ಅಷ್ಟಕ್ಕಷ್ಟೇ. ಕಪ್ಪು ಅಂಗಿ, ಉದ್ದ ಕೂದಲು, ಕಟ್ಟಿದ ಕೈ. ನನ್ನದೊಂದೇ ಮಾವಿನೆಲೆ ಹಸಿರಿನ ಮೈಸೂರು ಸಿಲ್ಕ್. ಪೂರ್ಣಿಮಾ ನನ್ನ ಕಿವಿಗೆ ತಾನೇ ಬಿರಡೆ ತುರುಕಿದಳು. ಶುರುವಾಯಿತು ನೋಡಿ! ಹೆಡ್‌ಫೋನಿನಲ್ಲಿ ಕೇಳಿದ್ದು ಏನೂ ಅಲ್ಲ, ಇಲ್ಲಿ ನೆಲವೇ ಕಾಲಿನೊಳಗೆ ಹತ್ತಿ ಬಂತು. ಬಲಗೈ ತಾನಾಗಿಯೇ ತೊಡೆಗೆ ಹೋಯಿತು. ಮೊದಲ ನಾಲ್ಕು ಹಾಡೂ ಆಲ್ಬಮ್ಮಿನಲ್ಲಿದ್ದ ಹಾಗೇ ಬಂದವು, ಅಚ್ಚುಕಟ್ಟಾಗಿ, ಕೂದಲೆಳೆಯೂ ಆಚೀಚೆಯಿಲ್ಲದೆ. ಜನ ಕಟ್ಟಿದ ಕೈ ಬಿಚ್ಚಲಿಲ್ಲ.

ಐದನೆಯ ಹಾಡಿನಲ್ಲಿ ಆ ಜಾಗ ಬಂತು. ಎಲ್ಲ ನಿಂತು ಲೂಕಾಸ್ ಒಬ್ಬನೇ ಉಳಿದ. ನನ್ನ ಬೆರಳು ಎಣಿಸುತ್ತಾ ಹೋಗಿ, ಡ್ರಮ್ ಬೀಳಬೇಕಾದ ಕಡೆ ತೊಡೆಗೆ ತಟ್ಟಿತು. ಡ್ರಮ್ ಬೀಳಲಿಲ್ಲ. ಕೋಲು ಎತ್ತಿದವನು ಎತ್ತಿಕೊಂಡೇ ಲೂಕಾಸನ ಮುಖ ನೋಡಿದ. ಲೂಕಾಸ್ ತಲೆಯೆತ್ತಲಿಲ್ಲ. ಅದೇ ಎರಡು ಸ್ವರವನ್ನು ಮತ್ತೆ ನುಡಿಸಿದ, ಇನ್ನೂ ನಿಧಾನವಾಗಿ. ಮತ್ತೊಮ್ಮೆ. ಆ ಪಬ್ಬಿನಲ್ಲಿ ಗ್ಲಾಸಿನ ಸದ್ದೂ ನಿಂತುಹೋಯಿತು. ನನ್ನ ಕೈ ತೊಡೆಯ ಮೇಲೆ ಹಾಗೇ ಕೂತಿತು. ಇದು ಆಲ್ಬಮ್ಮಿನಲ್ಲಿ ಇಲ್ಲ. ಅವನ ಹಿರಿಯರಲ್ಲೂ ಇಲ್ಲ. ಅವರನ್ನೆಲ್ಲ ಕೇಳಿಯೇ ಬಂದಿದ್ದೆನಲ್ಲ. ಆಮೇಲೆ ಅವನು ಡ್ರಮ್ಮಿನವನಿಗೆ ತಲೆಯಾಡಿಸಿದ, ಆಕಾಶ ಹರಿದು ಬಿತ್ತು.

ಹಾಡು ಮುಗಿದಾಗ ನಾನು ತುದಿಗಾಲಲ್ಲಿ ನಿಂತಿದ್ದೆ. ಕಂಪನಿ ನಾಟಕದ ಟೆಂಟಿನಲ್ಲಿ ನಮ್ಮಪ್ಪನ ಪಕ್ಕ ಕೂತು ಚಿಕ್ಕಂದಿನಲ್ಲಿ ಕೂಗಿದ್ದು, ಅದೆಲ್ಲಿಂದ ಬಂತೋ, ಗಂಟಲೆತ್ತಿ ಕೂಗಿಬಿಟ್ಟೆ:

“ಒನ್ಸ್ ಮೋರ್!”

ಕಪ್ಪು ಅಂಗಿಗಳೆಲ್ಲ ತಿರುಗಿದವು. ಪೂರ್ಣಿಮಾ “ಅತ್ತೆ, ಕೂತ್ಕೋ” ಎಂದು ಸೆರಗು ಎಳೆದಳು. ಕೂತುಕೊಳ್ಳಲು ಅಲ್ಲಿ ಕುರ್ಚಿ ಎಲ್ಲಿತ್ತು? “ಒನ್ಸ್ ಮೋರ್!” ಎಂದು ಮತ್ತೆ ಕೂಗಿದೆ. ಗಡ್ಡದವನೊಬ್ಬ ನಕ್ಕು, ಕಟ್ಟಿದ ಕೈ ಬಿಚ್ಚಿ, ತಾನೂ ಕೂಗಿದ. ಇನ್ನಿಬ್ಬರು ಸೇರಿಕೊಂಡರು. ವೇದಿಕೆಯ ಪಕ್ಕದಲ್ಲಿದ್ದವನು ಗಡಿಯಾರ ತೋರಿಸಿ, ಸಮಯವಿಲ್ಲ ಎಂದು ಕೈಯಾಡಿಸಿದ. ಲೂಕಾಸ್ ದೀಪದ ಬೆಳಕಿಗೆ ಕೈ ಅಡ್ಡ ಹಿಡಿದು ನಾನು ಎಲ್ಲಿದ್ದೇನೆ ಎಂದು ಹುಡುಕಿದ.

ಮರಳಿ ಅಕ್ಸ್‌ಬ್ರಿಡ್ಜ್‌ಗೆ

ರೈಲಿನಲ್ಲಿ ಮೂವರೂ ಸಾಲಾಗಿ ಕೂತೆವು. ಕಿಟಕಿಯಲ್ಲಿ ಇನ್ನೂ ಬಿಸಿಲು. ಲೂಕಾಸನ ಕಿವಿಯ ಹಿಂದೆ ಬಿಳಿ ಉಳಿದಿತ್ತು, ಅವನ ಕಾಲ ನಡುವೆ ಗಿಟಾರ್, ನನ್ನ ಮಡಿಲಲ್ಲಿ ಚೀಟಿ ಕಟ್ಟಿದ ತೆಂಗಿನಕಾಯಿ. ಯಾರೂ ನಮ್ಮನ್ನು ನೋಡಲಿಲ್ಲ.

ಹೊಗಳಿ ಒಮ್ಮೆ ಕೆಟ್ಟಿದ್ದೆನಲ್ಲ, ಈ ಸಲ ನನ್ನ ಹುಡುಗಿಯರಿಗೆ ಹೇಳುವಂತೆಯೇ ಹೇಳಿದೆ. “ಐದನೇ ಹಾಡಿನಲ್ಲಿ ತಾಳ ತಪ್ಪಿತು.”

“ತಪ್ಪಲಿಲ್ಲ,” ಎಂದ ಲೂಕಾಸ್ ತಕ್ಷಣ. “ನಾನೇ ನಿಲ್ಲಿಸಿದೆ.”

“ಯಾಕೆ?”

“ಗೊತ್ತಿಲ್ಲ. ಹೇಗೂ ಕೊನೆಯ ಸಲ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರೋಣ ಅನ್ನಿಸಿತು.” ಸ್ವಲ್ಪ ದೂರ ಹೋದ ಮೇಲೆ ಅವನೇ ಅಂದ: “ನೀವು ಮತ್ತೆ ನುಡಿಸು ಅಂತ ಕೂಗಿದಿರಿ. ಸಮಯ ಇರಲಿಲ್ಲ ಅತ್ತೆ. ಮುಂದಿನ ಸಲ.”

ಪೂರ್ಣಿಮಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

“ನಾಳೆ ಗಿಟಾರಿಗೆ ಬರೋರಿಗೆ ಏನು ಹೇಳ್ಲಿ?” ಎಂದು ಅವಳು ಮೆಲ್ಲಗೆ ಕೇಳಿದಳು.

ಲೂಕಾಸ್ ನನ್ನ ಮಡಿಲು ನೋಡಿದ. “ಬರಿಗೈಯಲ್ಲಿ ಕಳಿಸಬಾರದಲ್ಲ,” ಎಂದ. “ತೆಂಗಿನಕಾಯಿ ಕೊಟ್ಟು ಕಳಿಸು.”

ತಮಾಷೆಗೆ ಎಂದುಕೊಂಡಿದ್ದೆ. ಬರಬೇಡಿ ಎಂದು ಪೂರ್ಣಿಮಾ ಮೆಸೇಜ್ ಕಳಿಸಿದ್ದನ್ನು ಆ ಪುಣ್ಯಾತ್ಮ ನೋಡಿಯೇ ಇರಲಿಲ್ಲ, ಭಾನುವಾರ ಬೆಳಗ್ಗೆ ಬಂದು ಬೆಲ್ ಒತ್ತಿದ. ಲೂಕಾಸ್ ಬಾಗಿಲಲ್ಲಿ ನಿಂತು ಹತ್ತು ಸಲ ಸಾರಿ ಕೇಳಿ, ಎರಡೂ ಕೈಯಲ್ಲಿ ಕಾಯಿ ಹಿಡಿದು ಕೊಟ್ಟ. ಆತ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಥ್ಯಾಂಕ್ಸ್ ಹೇಳಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೋದ. ಬಾಗಿಲು ಹಾಕಿದ್ದೇ ತಡ, ಲೂಕಾಸ್ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಓಡಿದ. ಮೇಲಿನಿಂದ ವಾಷಿಂಗ್ ಮೆಷಿನ್ನಿಗೆ ಕಲ್ಲು ತುಂಬಿದ ಸದ್ದು ಶುರುವಾಯಿತು. ನಾನು ಕಾಫಿ ಲೋಟ ಪಕ್ಕಕ್ಕಿಟ್ಟು ತೊಡೆಯ ಮೇಲೆ ತಾಳ ಹಾಕತೊಡಗಿದೆ.